ಟೋಪಿಯ ಮೇಲಿನ ಶಿಲುಬೆ: ಮೊದಲ ಮಹಾಯುದ್ಧದ ಫೋಟೊಗಳಲ್ಲಿ ಜರ್ಮನ್ ಲಾಂಡ್‌ಸ್ಟುರ್ಮ್ ಸೈನಿಕರನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಹಳೇ ಫೋಟೊ ಮಾರುವ ತಾಣಗಳಲ್ಲಿ, ವಸ್ತುಸಂಗ್ರಹಾಲಯಗಳ ಡಿಜಿಟಲ್ ಸಂಗ್ರಹಗಳಲ್ಲಿ ‘ಜರ್ಮನ್ ಸೈನಿಕ, 1914–18’ ಎಂಬ ಒಂದೇ ಸಾಲು ಹೊತ್ತ ಚಿತ್ರಗಳಿಗೆ ಲೆಕ್ಕವಿಲ್ಲ. ಅವುಗಳ ನಡುವೆ ಒಂದು ಬಗೆಯ ಚಿತ್ರ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ನಲವತ್ತರ ಆಸುಪಾಸಿನ ಗಡ್ಡದ ಮನುಷ್ಯ, ಕೊಂಚ ಬೊಜ್ಜು, ಮೈಗೆ ಸರಿಯಾಗಿ ಕೂರದ ಕೋಟು, ಅಪ್ಪನ ಕಾಲದ ಬಂದೂಕು, ತಲೆಯ ಮೇಲೆ ಕಪ್ಪಗೆ ಹೊಳೆಯುವ ಎತ್ತರದ ಟೋಪಿ, ಅದರ ಮುಂಭಾಗದಲ್ಲಿ ಒಂದು ಶಿಲುಬೆ. ಯುದ್ಧದ ಸಿನಿಮಾಗಳಲ್ಲಿ ಕಾಣುವ ಚೂಪು ಮೊನೆಯ ಹೆಲ್ಮೆಟ್ಟಿನ ಜರ್ಮನ್ ಸಿಪಾಯಿಗೂ ಇವನಿಗೂ ಹೋಲಿಕೆಯೇ ಇಲ್ಲ. ಇವನು ಲಾಂಡ್‌ಸ್ಟುರ್ಮ್ ಎಂಬ ಕೊನೆಯ ಸಾಲಿನ ಮೀಸಲು ಪಡೆಯವನು.

ಇಂಥ ಚಿತ್ರವೊಂದು ಕೈಗೆ ಸಿಕ್ಕರೆ ಎಲ್ಲಿಂದ ನೋಡಲು ಶುರುಮಾಡಬೇಕು, ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಗಡ್ಡ ನೋಡಿ ತೀರ್ಮಾನ ಮಾಡುವವರೇ ಹೆಚ್ಚು, ಎಡವುವವರೂ ಅವರೇ. ಟೋಪಿ ಸುಳಿವು ಕೊಡುತ್ತದೆ, ಬಂದೂಕು ಅದಕ್ಕೆ ದನಿಗೂಡಿಸುತ್ತದೆ, ಸಾಕ್ಷಿ ಹೇಳುವುದು ಮಾತ್ರ ಕಾಲರ್.

ಮೊದಲಿಗೆ, ಇವರು ಯಾರು

ಜರ್ಮನ್ ಸಾಮ್ರಾಜ್ಯದಲ್ಲಿ ಗಂಡಸರು 17ರಿಂದ 45ನೇ ವಯಸ್ಸಿನವರೆಗೆ ಸೇನಾ ಸೇವೆಗೆ ಬಾಧ್ಯರಾಗಿದ್ದರು. ಸಾಮಾನ್ಯವಾಗಿ 20ಕ್ಕೆ ಭರ್ತಿ. ಪದಾತಿಯಾದರೆ 2 ವರ್ಷ, ಅಶ್ವದಳವಾದರೆ 3 ವರ್ಷ ಸೇವೆ. ಅದು ಮುಗಿದ ಮೇಲೆ ಕೆಲವು ವರ್ಷ ‘ರಿಸರ್ವ್’. ಆಮೇಲೆ 39ರವರೆಗೆ ಎರಡು ಹಂತದ ‘ಲಾಂಡ್‌ವೆರ್’. ಕೊನೆಗೆ 45ರವರೆಗೆ ಲಾಂಡ್‌ಸ್ಟುರ್ಮ್. ಲಾಂಡ್‌ವೆರ್ ಮತ್ತು ಲಾಂಡ್‌ಸ್ಟುರ್ಮ್ ಎರಡೂ ಹುಟ್ಟಿದ್ದು 1813ರಲ್ಲಿ, ಮುಂದೆ ಜರ್ಮನ್ ಸಾಮ್ರಾಜ್ಯದ ಅತಿ ದೊಡ್ಡ ರಾಜ್ಯವಾದ ಪ್ರಷ್ಯಾ ನೆಪೋಲಿಯನ್ ವಿರುದ್ಧ ಎದ್ದು ನಿಂತಾಗ. ಟೋಪಿಯ ಶಿಲುಬೆಯ ಮೂಲವೂ ಅದೇ ವರ್ಷ.

ಇಲ್ಲೊಂದು ಸೂಕ್ಷ್ಮವಿದೆ. ಲಾಂಡ್‌ಸ್ಟುರ್ಮ್ ಎಂದರೆ ಬರೀ ವಯಸ್ಸಾದವರ ಪಡೆಯಲ್ಲ. ಶಾಂತಿಕಾಲದಲ್ಲಿ ವಯಸ್ಸಿಗೆ ಬಂದ ಎಲ್ಲರನ್ನೂ ಸೇನೆ ಸೇರಿಸಿಕೊಳ್ಳುತ್ತಿರಲಿಲ್ಲ. ಹಾಗೆ ತರಬೇತಿಯಿಲ್ಲದೆ ಉಳಿದವರೂ, 17 ತುಂಬಿ ಇನ್ನೂ ಭರ್ತಿಯಾಗದ ಹುಡುಗರೂ ಲಾಂಡ್‌ಸ್ಟುರ್ಮಿನ ಮೊದಲ ಪಟ್ಟಿಯಲ್ಲಿದ್ದರು. ಆದ್ದರಿಂದ ಇಪ್ಪತ್ತೈದರ ಮುಖ ಕಂಡ ಮಾತ್ರಕ್ಕೆ ‘ಇವನು ಲಾಂಡ್‌ಸ್ಟುರ್ಮ್ ಅಲ್ಲ’ ಅನ್ನಲಾಗದು. ಉದ್ದ ಗಡ್ಡದವನು ಲಾಂಡ್‌ವೆರ್ ರೆಜಿಮೆಂಟಿನವನೂ ಇರಬಹುದು.

ಕೆಲಸದ ವಿಷಯ ಗೊತ್ತಿದ್ದರೆ ಚಿತ್ರದ ಹಿನ್ನೆಲೆಯೂ ಮಾತಾಡತೊಡಗುತ್ತದೆ. ರೈಲು ಹಳಿ, ಸೇತುವೆ, ಗೋದಾಮುಗಳ ಕಾವಲು, ಆಕ್ರಮಿತ ಬೆಲ್ಜಿಯಮ್ಮಿನಲ್ಲಿ ಪಹರೆ, ಯುದ್ಧಕೈದಿಗಳ ಶಿಬಿರದ ಕಾವಲು — ಇವು ಇವರ ಪಾಲಿಗೆ ಬಂದ ಮುಖ್ಯ ಕೆಲಸಗಳು. ಪೂರ್ವ ರಂಗದಲ್ಲಿ ಹಲವು ತುಕಡಿಗಳು ನೇರ ಹೋರಾಟಕ್ಕೂ ಇಳಿದವು. ಬರ್ಲಿನ್ನಿನ ದಕ್ಷಿಣಕ್ಕೆ, ತ್ಸೋಸೆನ್ ಹತ್ತಿರದ ವ್ಯೂನ್ಸ್‌ಡೋರ್ಫ್‌ನಲ್ಲಿ ಭಾರತೀಯ ಸಿಪಾಯಿಗಳನ್ನೂ ಇಟ್ಟಿದ್ದ ‘ಅರ್ಧಚಂದ್ರ ಶಿಬಿರ’ ಇತ್ತು. ಅಲ್ಲಿನ ಚಿತ್ರಗಳು ಇವತ್ತಿಗೂ ಲೇಖನಗಳ ಜೊತೆ ಅಚ್ಚಾಗುತ್ತಿರುತ್ತವೆ. ನಮ್ಮ ಕಣ್ಣು ಸಹಜವಾಗಿ ಪೇಟ ತೊಟ್ಟವರ ಕಡೆ ಹೋಗುತ್ತದೆ. ಇಂಥ ಶಿಬಿರದ ಚಿತ್ರ ಸಿಕ್ಕರೆ ಬೇಲಿ ಪಕ್ಕದಲ್ಲಿ ನಿಂತ ಕಾವಲುಗಾರನ ಟೋಪಿಯನ್ನೂ ಒಮ್ಮೆ ಹಿಗ್ಗಿಸಿ ನೋಡಿ.

ಹಂತ 1: ಮುಖ ನೋಡುವ ಮೊದಲು ಬೆನ್ನು ನೋಡಿ

ಆ ಕಾಲದ ಸೈನಿಕರ ಚಿತ್ರಗಳಲ್ಲಿ ಬಹುಪಾಲು ಅಂಚೆ ಕಾರ್ಡಿನ ಮೇಲೆಯೇ ಮುದ್ರಿಸಿದವು. ಸೇನಾ ಅಂಚೆಯಲ್ಲಿ ಕಾರ್ಡು ಕಳಿಸಲು ಸೈನಿಕನಿಗೆ ಖರ್ಚಿರಲಿಲ್ಲ, ಹಾಗಾಗಿ ಧಾರಾಳವಾಗಿ ಕಳಿಸಿದರು. ಹಿಂಬದಿಯಲ್ಲಿ ಮೂರು ಸಂಗತಿ ಹುಡುಕಿ: ಅಂಚೆ ಮುದ್ರೆಯ ತಾರೀಖು, ತುಕಡಿಯ ರಬ್ಬರ್ ಮೊಹರು, ಕಳಿಸಿದವನ ವಿಳಾಸದ ಸಾಲು. ಲಾಂಡ್‌ಸ್ಟುರ್ಮ್ ಬೆಟಾಲಿಯನ್ನುಗಳಿಗೆ ಅವು ಕಟ್ಟಿಕೊಂಡ ಊರಿನ ಹೆಸರೇ ಇರುತ್ತಿತ್ತು. ಮೊಹರಿನಲ್ಲಿ ‘ಲಾಂಡ್‌ಸ್ಟುರ್ಮ್ ಇನ್‌ಫಾಂಟೆರಿ ಬಟಾಲಿಯೋನ್’, ಅದರ ಜೊತೆ ಊರಿನ ಹೆಸರು ಓದಲು ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಕೈಬರಹ ಹೆಚ್ಚಾಗಿ ಹಳೆಯ ಜರ್ಮನ್ ಮೋಡಿ ಲಿಪಿಯಲ್ಲಿರುತ್ತದೆ, ಇವತ್ತಿನ ಜರ್ಮನ್ನರಲ್ಲೇ ಬಹಳ ಮಂದಿಗೆ ಅದು ಓದಲು ಬಾರದು. ಪೂರ್ತಿ ಓದಲಾಗದಿದ್ದರೂ ಅಂಕಿಗಳನ್ನು ಬೇರ್ಪಡಿಸಿ ಬರೆದುಕೊಳ್ಳಿ. ಮಾರಾಟದ ಚಿತ್ರವಾದರೆ ಬೆನ್ನಿನ ಸ್ಕ್ಯಾನ್ ಕೇಳಿ ಪಡೆಯಿರಿ. ಕೊಡದಿದ್ದರೆ ಆ ಚಿತ್ರಕ್ಕೆ ಹೆಚ್ಚು ದುಡ್ಡು ಸುರಿಯಬೇಡಿ.

ಒಂದು ಎಚ್ಚರಿಕೆ: ಕಾರ್ಡು ಕಳಿಸಿದವನೇ ಚಿತ್ರದಲ್ಲಿರಬೇಕೆಂದೇನೂ ಇಲ್ಲ. ಗೆಳೆಯನ ಚಿತ್ರವನ್ನು ಮನೆಗೆ ಕಳಿಸಿದವರೂ ಇದ್ದರು. ಚಿತ್ರ ತೆಗೆದು ಎಷ್ಟೋ ತಿಂಗಳ ಮೇಲೆ ಅಂಚೆಗೆ ಹಾಕಿದ್ದೂ ಇದೆ. ಅಂಚೆ ಮುದ್ರೆಯ ತಾರೀಖು ‘ಇದಕ್ಕಿಂತ ಈಚೆಗೆ ತೆಗೆದದ್ದಲ್ಲ’ ಅನ್ನುವುದನ್ನಷ್ಟೇ ಹೇಳುತ್ತದೆ.

ಹಂತ 2: ಬಣ್ಣ ಹೇಗೆ ಸುಳ್ಳು ಹೇಳುತ್ತದೆ ಎಂದು ತಿಳಿಯಿರಿ

ಈ ಹಂತವನ್ನು ಬಿಟ್ಟರೆ ಮುಂದಿನದೆಲ್ಲ ತಲೆಕೆಳಗಾಗುತ್ತದೆ. ಆ ಕಾಲದ ಫೋಟೊ ಪ್ಲೇಟುಗಳಿಗೆ ನೀಲಿ ಬೆಳಕು ಚೆನ್ನಾಗಿ ತಾಗುತ್ತಿತ್ತು, ಕೆಂಪು ಬಹುತೇಕ ತಾಗುತ್ತಲೇ ಇರಲಿಲ್ಲ. ಹಾಗಾಗಿ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತದೆ, ಹಳದಿ ಕಂದುತ್ತದೆ, ತಿಳಿನೀಲಿ ಬಿಳಿಚಿಕೊಳ್ಳುತ್ತದೆ.

ಇದನ್ನು ಟೋಪಿಗೆ ಅನ್ವಯಿಸಿ. ಪದಾತಿ ಸೈನಿಕನ ಬಟ್ಟೆ ಟೋಪಿಯ ಸುತ್ತ ಇದ್ದ ಕೆಂಪು ಪಟ್ಟಿ ಚಿತ್ರದಲ್ಲಿ ಕಪ್ಪು ಪಟ್ಟಿಯಾಗುತ್ತದೆ. ಟೋಪಿಯ ಮುಂದೆ ರಾಜ್ಯದ ಬಣ್ಣಗಳ ದುಂಡು ಬಿಲ್ಲೆ ಇರುತ್ತದೆ; ಬವೇರಿಯಾ ರಾಜ್ಯದ ಬಿಳಿ-ನೀಲಿ-ಬಿಳಿ ಬಿಲ್ಲೆ ಪೂರ್ತಿ ಬೆಳ್ಳಗೆ ಕಂಡರೂ ಆಶ್ಚರ್ಯವಿಲ್ಲ. ಬಾಡೆನ್‌ನ ಹಳದಿ-ಕೆಂಪು-ಹಳದಿ ಬಿಲ್ಲೆ ಒಂದು ಮಸಿ ಚುಕ್ಕೆಯಂತೆ ಕಾಣುತ್ತದೆ. ಹಳೆಯ ಕಡುನೀಲಿ ಕೋಟಿನ ಕೆಂಪು ಕಾಲರ್ ಕೋಟಿನಷ್ಟೇ ಕಪ್ಪಾಗಿ, ಎರಡಕ್ಕೂ ವ್ಯತ್ಯಾಸವೇ ಇಲ್ಲವೇನೋ ಅನ್ನಿಸುತ್ತದೆ. ಈಗಿನ ಕಂಪ್ಯೂಟರ್ ತಂತ್ರಾಂಶ ಬಣ್ಣ ತುಂಬಿಕೊಟ್ಟ ಚಿತ್ರಗಳನ್ನು ಗುರುತಿಸುವ ಕೆಲಸಕ್ಕೆ ಬಳಸಲೇಬೇಡಿ. ಆ ಬಣ್ಣಗಳು ಊಹೆ, ಅದೂ ಕೆಟ್ಟ ಊಹೆ.

ಇದೇ ಹಂತದಲ್ಲಿ ಚಿತ್ರ ಕನ್ನಡಿಬಿಂಬವಾಗಿ ತಿರುವಿ ಬಂದಿದೆಯೇ ಅಂತಲೂ ನೋಡಿಬಿಡಿ. ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ) ಒರೆ ಎಡ ಸೊಂಟಕ್ಕೆ ಇರಬೇಕು. ಗಂಡಸರ ಕೋಟಿನ ಎಡ ಅಂಚು ಬಲದ ಮೇಲೆ ಬರಬೇಕು. ಅದು ಯಾಕಿಷ್ಟು ಮುಖ್ಯ ಅನ್ನುವುದು ಕಾಲರ್‌ ವಿಷಯಕ್ಕೆ ಬಂದಾಗ ತಿಳಿಯುತ್ತದೆ.

ಹಂತ 3: ತಲೆಯ ಮೇಲೇನಿದೆ

*ಮೇಣಬಟ್ಟೆಯ ಟೋಪಿ.* ಲಾಂಡ್‌ಸ್ಟುರ್ಮಿನ ಹೆಗ್ಗುರುತು ಇದೇ. ಕಪ್ಪು ಮೇಣಬಟ್ಟೆಯದು, ಎತ್ತರದ್ದು, ಮೇಲ್ಭಾಗ ಬುಡಕ್ಕಿಂತ ತುಸು ಅಗಲ, ಮುಂದೆ ಕಣ್ಣಿಗೆ ನೆರಳು ಕೊಡುವ ಚರ್ಮದ ಚಾಚು. ಎದುರಿಗೆ ದೊಡ್ಡದೊಂದು ಲೋಹದ ಶಿಲುಬೆ. 1813ರ ಲಾಂಡ್‌ವೆರ್ ಟೋಪಿಯ ವಂಶದ್ದು ಇದು, ನೂರು ವರ್ಷದಲ್ಲಿ ಹೆಚ್ಚೇನೂ ಬದಲಾಗಿರಲಿಲ್ಲ. ಮೇಣದ ಹೊಳಪಿನಿಂದ ಸ್ಟುಡಿಯೊ ಚಿತ್ರಗಳಲ್ಲಿ ಬೆಳಕಿನ ಗೆರೆಯೊಂದು ಟೋಪಿಯ ಮೇಲೆ ಮೂಡಿರುತ್ತದೆ. ಉಣ್ಣೆ ಬಟ್ಟೆಯ ಟೋಪಿಗೆ ಆ ಹೊಳಪು ಬರುವುದಿಲ್ಲ. ಕೆಲವೊಮ್ಮೆ ಇದಕ್ಕೆ ಬೂದು ಬಟ್ಟೆಯ ಗವಸು ಹಾಕಿರುತ್ತಾರೆ. ಆಗ ಹೊಳಪು ಮಾಯವಾಗುತ್ತದೆ, ಆಕಾರ ಮಾತ್ರ ಉಳಿಯುತ್ತದೆ.

*ಚಾಚಿಲ್ಲದ ಬಟ್ಟೆ ಟೋಪಿ.* ಸೈನಿಕರು ‘ಕ್ರೆಟ್ಸ್‌ಖೆನ್’ ಎನ್ನುತ್ತಿದ್ದ ಈ ದುಂಡು ಟೋಪಿ ಇಡೀ ಜರ್ಮನ್ ಸೇನೆಯ ಎಲ್ಲ ಸಾಮಾನ್ಯ ಸೈನಿಕರಿಗೂ ಇತ್ತು. ಇದೊಂದರಿಂದ ಏನೂ ಸಾಬೀತಾಗುವುದಿಲ್ಲ. ಇದರ ಮುಂಭಾಗದಲ್ಲಿ ಒಂದರ ಕೆಳಗೊಂದು ಎರಡು ಬಿಲ್ಲೆ ಇರುತ್ತವೆ. ಮೇಲಿನದು ಸಾಮ್ರಾಜ್ಯದ್ದು, ಕಪ್ಪು-ಬಿಳಿ-ಕೆಂಪು, 1897ರಲ್ಲಿ ಬಂದದ್ದು. ಕೆಳಗಿನದು ಆಯಾ ರಾಜ್ಯದ್ದು: ಪ್ರಷ್ಯಾ ಕಪ್ಪು-ಬಿಳಿ-ಕಪ್ಪು, ಸ್ಯಾಕ್ಸನಿ ಬಿಳಿ-ಹಸಿರು-ಬಿಳಿ, ವ್ಯುರ್ಟೆಂಬರ್ಗ್ ಕಪ್ಪು-ಕೆಂಪು-ಕಪ್ಪು, ಹೆಸ್ಸೆ ಬಿಳಿ-ಕೆಂಪು-ಬಿಳಿ. ಬವೇರಿಯಾ, ಬಾಡೆನ್ ಮೇಲೆ ಹೇಳಿದೆ. ಲಾಂಡ್‌ಸ್ಟುರ್ಮ್ ಆಗಿದ್ದರೆ ಕೆಳಗಿನ ಬಿಲ್ಲೆಯ ಮೇಲೋ ಅದರ ಹತ್ತಿರವೋ ಪುಟ್ಟ ಲೋಹದ ಶಿಲುಬೆ ಕಾಣಬಹುದು. 600 ಡಿಪಿಐಗಿಂತ ಕಡಿಮೆ ಸ್ಕ್ಯಾನಿನಲ್ಲಿ ಇದು ಧೂಳಿನ ಕಣದಂತೆ ಕಂಡು ಕಣ್ತಪ್ಪುತ್ತದೆ.

ರಿಸರ್ವ್ ಮತ್ತು ಲಾಂಡ್‌ವೆರ್ ಅಧಿಕಾರಿಗಳೂ ತಮ್ಮ ಟೋಪಿಯ ರಾಜ್ಯದ ಬಿಲ್ಲೆಯ ಮೇಲೆ ಚಿಕ್ಕ ಶಿಲುಬೆ ಧರಿಸುತ್ತಿದ್ದರು. ಗಟ್ಟಿ ಚಾಚಿನ, ಒಪ್ಪವಾಗಿ ಹೊಲಿದ ಟೋಪಿ, ಒಳ್ಳೆ ಬಟ್ಟೆಯ ಕೋಟು ಇದ್ದು ಬಿಲ್ಲೆಯ ಮೇಲೆ ಶಿಲುಬೆ ಇದ್ದರೆ ಮೊದಲು ‘ಮೀಸಲು ಅಧಿಕಾರಿ’ ಎಂದು ಯೋಚಿಸಿ.

*ಮೊನೆಯ ಹೆಲ್ಮೆಟ್.* ಪಿಕೆಲ್‌ಹೌಬೆ. ಯುದ್ಧದಲ್ಲಿ ಇದರ ಮೇಲೆ ಬಟ್ಟೆಯ ಗವಸು ಇರುತ್ತಿತ್ತು. ಗವಸಿನ ಮುಂದೆ ರೆಜಿಮೆಂಟಿನ ಸಂಖ್ಯೆ ಹೊಲಿದಿರುತ್ತಿದ್ದರು. ಬರೀ ಸಂಖ್ಯೆ ಇದ್ದರೆ ಕಾಯಂ ರೆಜಿಮೆಂಟು, ಸಂಖ್ಯೆಯ ಮೇಲೆ ‘ಆರ್’ ಅಕ್ಷರವಿದ್ದರೆ ರಿಸರ್ವ್, ‘ಎಲ್’ ಇದ್ದರೆ ಲಾಂಡ್‌ವೆರ್. ಈ ‘ಎಲ್’ ಅನ್ನು ಲಾಂಡ್‌ಸ್ಟುರ್ಮ್ ಎಂದು ಓದುವುದು ಬಹಳ ಸಾಮಾನ್ಯವಾದ ತಪ್ಪು. ಸಂಖ್ಯೆಗಳು ಮೊದಲು ಕೆಂಪು, ಆಗಸ್ಟ್ 1914ರಲ್ಲಿ ಹಸಿರಿಗೆ ಬದಲಾದವು, 1916ರಲ್ಲಿ ಗವಸಿನಿಂದಲೇ ಹೋದವು.

ಗವಸಿಲ್ಲದ ಹೆಲ್ಮೆಟ್ ಆದರೆ ಮುಂದಿನ ಲೋಹದ ಫಲಕ ನೋಡಿ. ಪ್ರಷ್ಯಾದ್ದು ರೆಕ್ಕೆ ಬಿಚ್ಚಿದ ಹದ್ದು. ಹದ್ದಿನ ಎದೆಯ ಮೇಲೆ ಶಿಲುಬೆ ಕೂಡಿಸಿದ್ದರೆ ಅದು ಮೀಸಲು ಪಡೆಗಳದ್ದು. ಲಾಂಡ್‌ಸ್ಟುರ್ಮಿಗೆ ಹೆಲ್ಮೆಟ್ ಸಿಕ್ಕಾಗ ಅದು ಉಗ್ರಾಣದ ಮೂಲೆಯ ಹಳೇ ದಾಸ್ತಾನು. ಅದೂ ಮುಗಿದ ಮೇಲೆ ಬಂದವು ಬದಲಿ ಹೆಲ್ಮೆಟ್ಟುಗಳು. ಬ್ರಿಟಿಷ್ ನೌಕಾ ದಿಗ್ಬಂಧನದಿಂದ ದಕ್ಷಿಣ ಅಮೆರಿಕದ ಚರ್ಮ ಬರುವುದು ನಿಂತಿತು. ಆಗ ಒತ್ತಿದ ಉಣ್ಣೆ, ತಗಡು, ಬೆಂಡು, ಕಾಗದದ ಮುದ್ದೆಯಲ್ಲೂ ಪಿಕೆಲ್‌ಹೌಬೆ ಮಾಡಿದರು. ಉಣ್ಣೆಯದಕ್ಕೆ ಚರ್ಮದ ಹೊಳಪಿಲ್ಲ, ಅಂಚುಗಳು ಮೊಂಡಾಗಿ, ಮಳೆಯಲ್ಲಿ ನೆಂದು ಒಣಗಿದಂತಿರುತ್ತದೆ. 1915ರ ಮಾದರಿಯಿಂದ ಮೊನೆ ಕಳಚಿ ಇಡುವಂತೆ ಮಾಡಲಾಯಿತು. ಹಾಗಾಗಿ ಮೊನೆಯಿಲ್ಲದ ಪಿಕೆಲ್‌ಹೌಬೆ ಕಂಡರೆ ಚಿತ್ರ ಹೆಚ್ಚಾಗಿ 1915ರದ್ದು ಅಥವಾ ಆಮೇಲಿನದು.

*ಉಕ್ಕಿನ ಹೆಲ್ಮೆಟ್.* 1916ರ ಮೊದಲ ತಿಂಗಳುಗಳಲ್ಲಿ ವರ್ಡನ್ ಕದನದ ಹೊತ್ತಿಗೆ ರಂಗಕ್ಕೆ ಬಂತು. ಎರಡೂ ಬದಿಗೆ ಚಿಕ್ಕ ಕೊಂಬಿನಂಥ ಗಾಳಿಗೂಡು ಇದರ ಗುರುತು. ಮುಂಚೂಣಿಯವರಿಗೇ ಸಾಲದಿದ್ದಾಗ ಹಿಂದಿನ ಸೇತುವೆ ಕಾಯುವವರಿಗೆ ಇದು ಬೇಗ ಸಿಗುವ ಮಾತಿರಲಿಲ್ಲ.

ಹಳೆಯ ಶಾಕೋ ಟೋಪಿಗಳೂ ಅಲ್ಲಲ್ಲಿ ಕಾಣುತ್ತವೆ. ಶಾಕೋ ಮೂಲತಃ ಯೇಗರ್ ಎಂಬ ಲಘು ಪದಾತಿಯದು. ಗಟ್ಟಿಯಾದ ಗೋಡೆ, ಚಪ್ಪಟೆ ನೆತ್ತಿ, ಮುಂದೆ ಹಿಂದೆ ಎರಡೂ ಕಡೆ ಚಾಚು. ಮೇಣಬಟ್ಟೆಯ ಟೋಪಿ ಮೆತ್ತಗಿನದು, ಹಿಂದೆ ಚಾಚಿಲ್ಲ.

ಹಂತ 4: ಶಿಲುಬೆಯನ್ನು ಹತ್ತಿರದಿಂದ

ಲಾಂಡ್‌ವೆರ್ ಶಿಲುಬೆಯ ನಾಲ್ಕೂ ತೋಳು ನಡುವಿನಿಂದ ತುದಿಗೆ ಅಗಲವಾಗುತ್ತ ಹೋಗುತ್ತವೆ. ಪ್ರಷ್ಯಾದ್ದಾದರೆ ಅದರ ಮೇಲೆ ‘ದೇವರೊಂದಿಗೆ, ದೊರೆಗಾಗಿ, ನಾಡಿಗಾಗಿ’ ಎಂಬರ್ಥದ ಜರ್ಮನ್ ಸಾಲು, 1813 ಎಂಬ ಇಸವಿ ಇರುತ್ತವೆ. ಚಿತ್ರದಲ್ಲಿ ಅಕ್ಷರ ಓದಲಾಗುವುದು ಅಪರೂಪ. ಅಕ್ಷರಗಳ ಉಬ್ಬು ಒರಟಾಗಿ ಕಂಡರೆ ಸಾಕು.

ಇದನ್ನು ‘ಕಬ್ಬಿಣದ ಶಿಲುಬೆ’ ಪದಕದೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಆಕಾರ ಒಂದೇ, ಜಾಗ ಬೇರೆ. ಪದಕವಾದರೆ ಎದೆಯ ಎಡಭಾಗದಲ್ಲಿ, ಅಥವಾ ಗುಂಡಿ ಕಾಜಿಗೆ ಸಿಕ್ಕಿಸಿದ ರಿಬ್ಬನ್ನಿನಲ್ಲಿ ಇರುತ್ತದೆ, ನಡುವೆ ಕಪ್ಪು, ಅಂಚಿಗೆ ಬೆಳ್ಳಿ. ಟೋಪಿಯದು ಪೂರ್ತಿ ಒಂದೇ ಲೋಹದ್ದು. ತೋಳುಪಟ್ಟಿಯ ಮೇಲೆ ನೇರ ತೋಳಿನ ಶಿಲುಬೆ ಕಂಡರೆ ಅದು ರೆಡ್ ಕ್ರಾಸ್.

ಎದೆಯ ಕಡೆ ಕಣ್ಣು ಹೋದಾಗ ಇನ್ನೊಂದು ಪದಕವನ್ನೂ ಹುಡುಕಿ. ಚಕ್ರವರ್ತಿ ಒಂದನೇ ವಿಲ್ಹೆಲ್ಮನ ಜನ್ಮ ಶತಮಾನೋತ್ಸವಕ್ಕೆ 1897ರಲ್ಲಿ ಕೊಟ್ಟ ದುಂಡನೆಯ ಪದಕ ಅದು. ರಿಬ್ಬನ್ ಹಳದಿ, ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಆ ವರ್ಷ ಸೇನೆಯಲ್ಲಿದ್ದವರಿಗೆ ಇದು ಸಿಕ್ಕಿತ್ತು. 1897ರಲ್ಲಿ 20–22ರ ಹುಡುಗನಾಗಿದ್ದವನಿಗೆ 1914ರಲ್ಲಿ 37–39. ಗಡ್ಡಕ್ಕಿಂತ ನೂರು ಪಾಲು ನಂಬಬಹುದಾದ ವಯಸ್ಸಿನ ಪುರಾವೆ ಇದು.

ಹಂತ 5: ಕಾಲರ್

ಇಲ್ಲಿ ನಿಧಾನವಾಗಿ ನೋಡಿ. ಲಾಂಡ್‌ಸ್ಟುರ್ಮ್ ಪದಾತಿ ಬೆಟಾಲಿಯನ್ನಿನವರು ಕಾಲರಿನ ಎರಡೂ ಬದಿಗೆ ಹಿತ್ತಾಳೆ ಅಂಕಿ ಧರಿಸುತ್ತಿದ್ದರು. ಮೇಲೆ ರೋಮನ್ ಅಂಕಿಯಲ್ಲಿ ಸೇನಾ ಕೋರ್ (ಹಲವು ಡಿವಿಜನ್ನುಗಳು ಸೇರಿದ ದೊಡ್ಡ ಪಡೆ) ಸಂಖ್ಯೆ, ಕೆಳಗೆ ಮಾಮೂಲಿ ಅಂಕಿಯಲ್ಲಿ ಬೆಟಾಲಿಯನ್ ಸಂಖ್ಯೆ. ಮಾಮೂಲಿ ರೆಜಿಮೆಂಟುಗಳ ಸಂಖ್ಯೆ ಇರುತ್ತಿದ್ದುದು ಭುಜಪಟ್ಟಿಯ ಮೇಲೆ. ಕಾಲರಿನ ಮೇಲೆ ಎರಡು ಸಾಲಿನ ಅಂಕಿ ಕಂಡಿತೆಂದರೆ ಅದು ಲಾಂಡ್‌ಸ್ಟುರ್ಮ್ ಅನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಕೋರ್ ಸಂಖ್ಯೆ ಸಿಕ್ಕರೆ ಪ್ರದೇಶವೂ ಸಿಕ್ಕಂತೆ, ಏಕೆಂದರೆ ಒಂದೊಂದು ಕೋರ್ ಒಂದೊಂದು ಸೀಮೆಯಿಂದ ಜನರನ್ನು ಸೇರಿಸುತ್ತಿತ್ತು. ಕೇಂದ್ರಗಳು ಹೀಗಿದ್ದವು: 1 ಕೋನಿಗ್ಸ್‌ಬರ್ಗ್, 2 ಸ್ಟೆಟಿನ್, 3 ಬರ್ಲಿನ್, 4 ಮಾಗ್ಡೆಬುರ್ಗ್, 5 ಪೋಸೆನ್, 6 ಬ್ರೆಸ್ಲಾವ್, 7 ಮ್ಯೂನ್‌ಸ್ಟರ್, 8 ಕೊಬ್ಲೆಂಜ್, 9 ಆಲ್ಟೋನಾ, 10 ಹ್ಯಾನೋವರ್, 11 ಕಾಸೆಲ್, 12 ಡ್ರೆಸ್ಡೆನ್, 13 ಸ್ಟುಟ್‌ಗಾರ್ಟ್, 14 ಕಾರ್ಲ್ಸ್‌ರೂಹೆ, 15 ಸ್ಟ್ರಾಸ್‌ಬುರ್ಗ್, 16 ಮೆಟ್ಸ್, 17 ಡಾನ್ಜಿಗ್, 18 ಫ್ರಾಂಕ್‌ಫರ್ಟ್, 19 ಲೈಪ್‌ಜಿಗ್, 20 ಆಲೆನ್‌ಸ್ಟೈನ್, 21 ಸಾರ್‌ಬ್ರೂಕೆನ್. ಬವೇರಿಯಾಕ್ಕೆ ತನ್ನದೇ ಪ್ರತ್ಯೇಕ ಎಣಿಕೆ: 1 ಮ್ಯೂನಿಕ್, 2 ವ್ಯುರ್ಟ್ಸ್‌ಬುರ್ಗ್, 3 ನ್ಯೂರೆಂಬರ್ಗ್.

ಕನ್ನಡಿಬಿಂಬದ ಮಾತು ಈಗ ಬರುತ್ತದೆ. ರೋಮನ್ ಅಂಕಿಯ ಅಕ್ಷರಗಳು ಎಡ-ಬಲ ಒಂದೇ ಥರ ಇರುವುದರಿಂದ ಚಿತ್ರ ತಿರುವಿದರೂ ಕೆಲವು ಸಂಖ್ಯೆಗಳು ತಪ್ಪಾಗಿ ಕಾಣುವುದೇ ಇಲ್ಲ. ರೋಮನ್ 4 (IV) ತಿರುವಿದರೆ 6 (VI) ಆಗುತ್ತದೆ, 9 (IX) ತಿರುವಿದರೆ 11 (XI). ಮಾಗ್ಡೆಬುರ್ಗಿನ ಮನುಷ್ಯ ಸದ್ದಿಲ್ಲದೆ ಬ್ರೆಸ್ಲಾವಿಗೆ ಹೋಗಿಬಿಡುತ್ತಾನೆ. ಹಂತ 2ರಲ್ಲಿ ಬಯೊನೆಟ್ ಯಾವ ಸೊಂಟಕ್ಕಿದೆ ಎಂದು ನೋಡಲು ಹೇಳಿದ್ದು ಇದಕ್ಕೇ. ಕೆಳಗಿನ ಬೆಟಾಲಿಯನ್ ಅಂಕಿ 2, 3, 4ರಂಥದ್ದಾದರೆ ತಿರುವಿರುವುದು ತಕ್ಷಣ ತಿಳಿಯುತ್ತದೆ, 1 ಅಥವಾ 8 ಆದರೆ ಅದೂ ಕೈಕೊಡುತ್ತದೆ.

ಭುಜಪಟ್ಟಿಯನ್ನೂ ಮರೆಯಬೇಡಿ. ಲಾಂಡ್‌ಸ್ಟುರ್ಮ್ ಪದಾತಿಯದು ನೀಲಿ, ಹಾಗಾಗಿ ಬೂದು ಕೋಟಿನ ಮೇಲೆ ಬೇರೆ ಛಾಯೆಯಲ್ಲಿ ಎದ್ದು ಕಾಣಬಹುದು.

ಹಂತ 6: ಕೋಟು, ತೋಳುಪಟ್ಟಿ

1910ರ ಮಾದರಿಯ ಬೂದು-ಹಸಿರು ಕೋಟು ಕಾಯಂ ಸೇನೆಗೆ ಮೊದಲು ಹೋಯಿತು. ಲಾಂಡ್‌ಸ್ಟುರ್ಮಿಗೆ ಉಳಿದದ್ದು ಶಾಂತಿಕಾಲದ ಕಡುನೀಲಿ ಕೋಟು, ಅಥವಾ ಲಿಟೆವ್ಕಾ ಎಂಬ ಸಡಿಲವಾದ, ಮಡಿಚಿದ ಕಾಲರಿನ ಜಾಕೆಟ್ಟು. ಒಂದೇ ಗುಂಪು ಚಿತ್ರದಲ್ಲಿ ನೀಲಿ, ಬೂದು, ಲಿಟೆವ್ಕಾ ಮೂರೂ ಬೆರೆತಿದ್ದರೆ ಅದೇ ಒಂದು ಸುಳಿವು. 1915ರಲ್ಲಿ ಬಂದ ಸರಳ ಕೋಟಿನಲ್ಲಿ ಎದೆಯ ಗುಂಡಿಗಳು ಬಟ್ಟೆಯಡಿ ಅಡಗಿರುತ್ತವೆ.

ಯುದ್ಧದ ಮೊದಲ ವಾರಗಳಲ್ಲಿ ಸಮವಸ್ತ್ರವೇ ಸಿಗದೆ ಮನೆಯ ಬಟ್ಟೆಯ ಮೇಲೆ ತೋಳುಪಟ್ಟಿ ಕಟ್ಟಿಕೊಂಡು, ತಲೆಗೆ ಶಿಲುಬೆಯ ಟೋಪಿ ಇಟ್ಟುಕೊಂಡು ಪಹರೆ ನಿಂತವರಿದ್ದಾರೆ. ನಾಗರಿಕ ಪಡೆಯವನಿಗೂ ಸೈನಿಕನ ಹಕ್ಕು ಸಿಗಬೇಕಾದರೆ ದೂರದಿಂದ ಗುರುತಿಸಬಹುದಾದ ಸ್ಥಿರ ಚಿಹ್ನೆಯೊಂದು ಮೈಮೇಲಿರಬೇಕು ಅನ್ನುವುದು 1907ರ ಹೇಗ್ ಒಪ್ಪಂದದ ಷರತ್ತು. ಅದಿಲ್ಲದೆ ಬಂದೂಕು ಹಿಡಿದು ಸಿಕ್ಕಿಬಿದ್ದವನನ್ನು ಶತ್ರು ಯುದ್ಧಕೈದಿಯೆಂದು ಒಪ್ಪಬೇಕಾಗಿರಲಿಲ್ಲ.

ಹಂತ 7: ಬೆಲ್ಟು ಮತ್ತು ತೋಟಾ ಚೀಲ

ಬಕಲ್ಲಿನ ಮೇಲೆ ಕಿರೀಟ, ಸುತ್ತ ‘ಗೊಟ್ ಮಿಟ್ ಉನ್ಸ್’ ಇದ್ದರೆ ಪ್ರಷ್ಯಾ, ‘ಇನ್ ಟ್ರೊಯೆ ಫೆಸ್ಟ್’ ಇದ್ದರೆ ಬವೇರಿಯಾ. ಇದರಿಂದ ರಾಜ್ಯ ತಿಳಿಯುತ್ತದೆ, ಪಡೆ ತಿಳಿಯುವುದಿಲ್ಲ.

ತೋಟಾ ಚೀಲ ಹೆಚ್ಚು ಮಾತಾಡುತ್ತದೆ. ಕಾಯಂ ಸೇನೆಯ 1909ರ ಮಾದರಿಯಲ್ಲಿ ಬಕಲ್ಲಿನ ಎಡಕ್ಕೆ ಮೂರು, ಬಲಕ್ಕೆ ಮೂರು ಪುಟ್ಟ ಜೇಬುಗಳು ಸಾಲಾಗಿರುತ್ತವೆ. ಜೇಬಿಗೆ 20ರಂತೆ ಒಟ್ಟು 120 ತೋಟಾ. ಲಾಂಡ್‌ಸ್ಟುರ್ಮಿನವನ ಸೊಂಟದಲ್ಲಿ ಬಹಳ ಸಲ ಕಾಣುವುದು ಹಿಂದಿನ ಶತಮಾನದ ಕಪ್ಪು ಚರ್ಮದ ಪೆಟ್ಟಿಗೆ, ಬದಿಗೊಂದೊಂದು. ಕೆಲವರಿಗೆ ಒಂದೇ ಪೆಟ್ಟಿಗೆ. ಮೂರು ಜೇಬಿನ ಚೀಲ ಕಂಡರೆ ಲಾಂಡ್‌ಸ್ಟುರ್ಮ್ ಅಲ್ಲವೆಂದು ಹೊಡೆದುಹಾಕಬೇಡಿ. ಯುದ್ಧ ಮುಂದುವರಿದಂತೆ ಅವರಿಗೂ ಅದು ಸಿಕ್ಕಿತು. ಸ್ಟುಡಿಯೊದವರು ಚಿತ್ರಕ್ಕೆಂದು ಎರವಲು ಕೊಟ್ಟದ್ದೂ ಇರಬಹುದು.

ಹಂತ 8: ಬಂದೂಕು

ಬಂದೂಕನ್ನು ಗುರುತಿಸಲು ಎರಡೇ ಜಾಗ ನೋಡಿದರೆ ಸಾಕು: ಕುದುರೆಯ (ಗುಂಡು ಹಾರಿಸಲು ಬೆರಳಿನಿಂದ ಒತ್ತುವ ಟ್ರಿಗರ್) ಮುಂದಿನ ಭಾಗ, ಮತ್ತು ನಳಿಕೆ.

ಕುದುರೆಯ ಮುಂದೆ ಮರ ನಯವಾಗಿ ಸಾಗಿ, ಏನೂ ಕೆಳಗೆ ಚಾಚಿಕೊಂಡಿಲ್ಲದಿದ್ದರೆ, ಹಿಡಿಯುವ ಜಾಗದಲ್ಲಿ ಮರ ಪಿಸ್ತೂಲಿನ ಹಿಡಿಯಂತೆ ಬಾಗಿದ್ದರೆ, ಅದು ಗೆವೇರ್ 98. ಕಾಯಂ ಸೇನೆಯ ಬಂದೂಕು. ಮ್ಯಾಗಝೀನ್ ಮರದೊಳಗೇ ಅಡಗಿರುತ್ತದೆ.

ಕುದುರೆಯ ಮುಂದೆ ಲೋಹದ ಮ್ಯಾಗಝೀನ್ ಕೆಳಕ್ಕೆ ಚಾಚಿದ್ದು, ನಳಿಕೆ ದಪ್ಪ ಕೊಳವೆಯಂತೆ ನಯವಾಗಿದ್ದರೆ ಗೆವೇರ್ 88. ಅದರ ನಳಿಕೆಗೆ ತೆಳು ಉಕ್ಕಿನ ಹೊರಕವಚ ಇತ್ತು, ಆ ದಪ್ಪ ಅದರದ್ದು. ಇಲ್ಲೊಂದು ಬಲೆಯಿದೆ: ಬೆಲ್ಜಿಯಮ್ಮಿನ 1889ರ ಮೌಸರಿಗೂ ಕವಚವುಂಟು, ಚಾಚಿದ ಮ್ಯಾಗಝೀನೂ ಉಂಟು, ವಶಪಡಿಸಿಕೊಂಡ ಅಂಥ ಬಂದೂಕುಗಳು ಕಾವಲು ಪಡೆಗಳಿಗೇ ಹೋದವು. ರಷ್ಯಾದ ಮೋಸಿನ್‌ಗೂ ಮ್ಯಾಗಝೀನ್ ಚಾಚಿರುತ್ತದೆ, ನಳಿಕೆಗೆ ಮಾತ್ರ ಕವಚವಿಲ್ಲ.

ಮ್ಯಾಗಝೀನೇ ಇಲ್ಲ, ಹಿಡಿ ನೇರ, ನಳಿಕೆಯ ತೂತು ಎದ್ದು ಕಾಣುವಷ್ಟು ದೊಡ್ಡದು ಅಂದರೆ 1871ರ ಮೌಸರ್. 11 ಮಿಲಿಮೀಟರಿನ, ಒಂದೊಂದೇ ತೋಟಾ ತುಂಬಬೇಕಾದ, ಕರಿಮದ್ದಿನ ಬಂದೂಕು. ಹೊಡೆದರೆ ಹೊಗೆಯೆದ್ದು ನಿಂತ ಜಾಗ ಊರಿಗೆಲ್ಲ ತಿಳಿಯುತ್ತಿತ್ತು. ಅದನ್ನೇ ತಿದ್ದಿ ನಳಿಕೆಯ ಕೆಳಗೆ 8 ತೋಟಾದ ಕೊಳವೆ ಅಡಗಿಸಿದ್ದು 71/84. ಈ ಎರಡರಲ್ಲಿ ಯಾವುದು ಕಂಡರೂ ಹಿಡಿದವನು ಹಿಂದಿನ ಸಾಲಿನವನು.

ಬಯೊನೆಟ್ಟಿನ ಹಿಡಿಯನ್ನೂ ನೋಡಿ. 1871ರದ್ದು ಪೂರ್ತಿ ಹಿತ್ತಾಳೆ, ಬೆಳಕಿಗೆ ಹೊಳೆಯುತ್ತದೆ, ಹಿಡಿಯ ಬುಡದ ಅಡ್ಡಪಟ್ಟಿ ಅತ್ತಿತ್ತ ಬಾಗಿರುತ್ತದೆ. 71/84ರದ್ದು ಗಿಡ್ಡ, ಮರದ ಹಿಡಿ. 98/05 ತುದಿಯ ಕಡೆ ಅಗಲವಾಗುವ ಕಸಾಯಿ ಕತ್ತಿಯ ಆಕಾರ.

ಹಂತ 9: ಹೋಲುವವರನ್ನು ಬೇರ್ಪಡಿಸಿ

ಆಸ್ಟ್ರಿಯಾ-ಹಂಗೆರಿಗೂ ಲಾಂಡ್‌ಸ್ಟುರ್ಮ್ ಇತ್ತು. ಅವರ ಬಟ್ಟೆ ಟೋಪಿಗೆ ಮುಂದೆ ಎರಡು ಚಿಕ್ಕ ಗುಂಡಿ, ಅದರ ಮೇಲೆ ಚಕ್ರವರ್ತಿಯ ಹೆಸರಿನ ಮೊದಲಕ್ಷರಗಳ ಬಿಲ್ಲೆ ಒಂದೇ ಒಂದು. ಎರಡು ಬಿಲ್ಲೆ ಕಂಡರೆ ಜರ್ಮನ್.

1944ರ ಅಕ್ಟೋಬರಿನಲ್ಲಿ ಘೋಷಣೆಯಾದ ಫೋಕ್ಸ್‌ಸ್ಟುರ್ಮ್ ಎರಡನೇ ಮಹಾಯುದ್ಧದ್ದು. ಅಲ್ಲೂ ಮುದುಕರು, ಹುಡುಗರು, ಹಳೇ ಬಂದೂಕು. ಅಲ್ಲಿ ಗುರುತು ತೋಳುಪಟ್ಟಿಯ ಮೇಲಿನ ಬರಹ. ರೈಲ್ವೆ, ಅಂಚೆ, ಅರಣ್ಯ ಇಲಾಖೆಯವರಿಗೂ ಬಿಲ್ಲೆಯ ಟೋಪಿ ಇತ್ತು, ಅವರ ಸೊಂಟದಲ್ಲಿ ತೋಟಾ ಚೀಲ ಇರುವುದಿಲ್ಲ.

ಒಂದು ಚಿತ್ರವನ್ನು ಓದಿ ನೋಡೋಣ

ಹೀಗೊಂದು ಚಿತ್ರ ನಿಮ್ಮ ಮುಂದಿದೆ ಅಂದುಕೊಳ್ಳಿ. ಸಣ್ಣ ರೈಲು ನಿಲ್ದಾಣ, ಐವರು ನಿಂತಿದ್ದಾರೆ. ಮೂವರಿಗೆ ಮೇಣಬಟ್ಟೆಯ ಟೋಪಿ, ಇಬ್ಬರಿಗೆ ಬಟ್ಟೆ ಟೋಪಿ. ಮೇಣಬಟ್ಟೆಯ ಶಿಲುಬೆ ಸ್ಪಷ್ಟ. ಲಾಂಡ್‌ಸ್ಟುರ್ಮ್ ಇರಬಹುದು, ಇನ್ನೂ ‘ಇರಬಹುದು’ ಅಷ್ಟೇ. ಬಟ್ಟೆ ಟೋಪಿಯ ಕೆಳಬಿಲ್ಲೆ ಹೊರಗೆ ಕಪ್ಪು, ನಡುವೆ ಬಿಳಿ ಉಂಗುರ, ಒಳಗೆ ಕಪ್ಪು. ಪ್ರಷ್ಯಾ ಅನ್ನಲು ಮನಸ್ಸಾಗುತ್ತದೆ. ಬಿಳಿ ಉಂಗುರ ನಿಜಕ್ಕೂ ಬಿಳಿಯೇ ಆಗಿದ್ದರೆ ಪ್ರಷ್ಯಾ ಸರಿ. ವ್ಯುರ್ಟೆಂಬರ್ಗಿನದಾಗಿದ್ದರೆ ನಡುವಿನ ಕೆಂಪೂ ಕಪ್ಪಾಗಿ ಇಡೀ ಬಿಲ್ಲೆ ಕಪ್ಪಗಿರಬೇಕಿತ್ತು.

ಬಂದೂಕುಗಳಲ್ಲಿ ಎರಡಕ್ಕೆ ಚಾಚಿದ ಮ್ಯಾಗಝೀನ್, ದಪ್ಪ ಕೊಳವೆ. ಸೊಂಟದಲ್ಲಿ ಪೆಟ್ಟಿಗೆ ಚೀಲ. ಬಯೊನೆಟ್ ಎಡಕ್ಕಿದೆ, ಚಿತ್ರ ತಿರುವಿಲ್ಲ. ಈಗ ಕಾಲರನ್ನು ಹಿಗ್ಗಿಸಿ. ನಡುವಿನವನ ಗಡ್ಡ ಬಲಗಡೆಯ ಅಂಕಿಯನ್ನು ಮುಚ್ಚಿದೆ, ಎಡಗಡೆಯದು ಕಾಣುತ್ತಿದೆ: ಮೇಲೆ ರೋಮನ್ 18, ಕೆಳಗೆ ಒಂದು ಅಂಕಿ, 3 ಇರಬಹುದು, 8 ಇರಬಹುದು. ಪಕ್ಕದವನ ಕಾಲರಿನಲ್ಲೂ ಅದೇ ಜೋಡಿ ಇರಬೇಕು. ಅಲ್ಲಿ ಎಡಭಾಗ ತೆರೆದಿರುವುದು ಸ್ಪಷ್ಟವಾದರೆ ಅದು 3. ಗುಂಪು ಚಿತ್ರದ ಲಾಭ ಇದೇ, ಒಬ್ಬನ ಮೈಮೇಲೆ ಮಸುಕಾದದ್ದು ಇನ್ನೊಬ್ಬನ ಮೈಮೇಲೆ ಸಿಗುತ್ತದೆ.

ಕಾಲಮಾನಕ್ಕೆ ಬಂದರೆ, ಉಕ್ಕಿನ ಹೆಲ್ಮೆಟ್ ಇಲ್ಲ, ಮುಚ್ಚಿದ ಗುಂಡಿಯ ಕೋಟಿಲ್ಲ, ಇಬ್ಬರು ಕಡುನೀಲಿಯಲ್ಲಿದ್ದಾರೆ. 1914ರ ಕೊನೆಯಿಂದ 1915ರ ನಡುವೆ ಅನ್ನುವುದು ಒಳ್ಳೆಯ ಅಂದಾಜು. ಲಾಂಡ್‌ಸ್ಟುರ್ಮಿಗೆ ಎಲ್ಲವೂ ತಡವಾಗಿ ಸಿಗುತ್ತಿದ್ದುದರಿಂದ ಮೇಲಿನ ಗಡಿಯನ್ನು ಸಡಿಲ ಬಿಡಿ.

ಕೊನೆಯ ಹಂತ: ಬರೆದಿಡುವುದು

ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ವಾಕ್ಯದಲ್ಲಿ ಬೆರೆಸಬೇಡಿ. ಮೇಲಿನ ಚಿತ್ರಕ್ಕೆ ನಾನು ಬರೆಯುವ ಟಿಪ್ಪಣಿ ಹೀಗಿರುತ್ತದೆ: ‘ಪ್ರಷ್ಯನ್ ಲಾಂಡ್‌ಸ್ಟುರ್ಮ್ ಪದಾತಿ, 18ನೇ ಕೋರ್, ಫ್ರಾಂಕ್‌ಫರ್ಟ್ ಸೀಮೆ — ಖಚಿತ, ಆಧಾರ ಕಾಲರ್ ಅಂಕಿ. ಬೆಟಾಲಿಯನ್ 3 — ಬಹುತೇಕ ಖಚಿತ, ಎಡದಿಂದ ಎರಡನೆಯವನ ಕಾಲರ್. ಬಂದೂಕು ಗೆವೇರ್ 88 — ಎರಡು ಸ್ಪಷ್ಟ, ಉಳಿದವು ಕಾಣುತ್ತಿಲ್ಲ. ಕಾಲ 1914–15 — ಅಂದಾಜು. ಸ್ಥಳ — ತಿಳಿಯದು, ನಿಲ್ದಾಣದ ಫಲಕ ಚಿತ್ರದ ಹೊರಗಿದೆ.’ ಕಡತದ ಹೆಸರಿನಲ್ಲಿ ಖಚಿತವಾದದ್ದನ್ನು ಮಾತ್ರ ಹಾಕಿ, ಬೆನ್ನಿನ ಸ್ಕ್ಯಾನನ್ನು ಅದೇ ಹೆಸರಿನಲ್ಲಿ ಜೊತೆಗಿಡಿ. ಮುಂದೆ ಮೊಹರು ಓದಬಲ್ಲವರು ಸಿಕ್ಕಿದ ದಿನ ಟಿಪ್ಪಣಿಯಲ್ಲಿ ಯಾವ ಸಾಲು ತಿದ್ದಬೇಕೆಂದು ಹುಡುಕಾಡಬೇಕಾಗುವುದಿಲ್ಲ.